ಎರಡು ವಾರದ ಪುಸ್ತಕ

ಗ್ಲೆನಿಸ್ ಬಂದದ್ದು ಸೋಮವಾರ. ಒದ್ದೆ ಕೊಡೆ ಬಾಗಿಲಾಚೆ ಇಟ್ಟು
ಮೂರು ನೀಲಿ ಪುಸ್ತಕ ಮೇಜಿನ ಮೇಲೆ ಹರವಿದಳು.
ಎರಡು ವಾರ, ಕೊಂಡದ್ದೆಲ್ಲ ಬರೆಯಬೇಕು,
ಮನೆಗೆ ತಂದದ್ದು ಎಡಕ್ಕೆ, ಹೊರಗೆ ತಿಂದದ್ದು ಬಲಕ್ಕೆ,
ಹದಿನಾರು ದಾಟಿದವರಿಗೆ ತಲೆಗೊಂದು ಪುಸ್ತಕ.
"ಸುಳ್ಳು ಬರೆದರೆ ನನಗೇನೂ ನಷ್ಟವಿಲ್ಲ,
ಸರ್ಕಾರ ನಿಮ್ಮ ಹಸಿವನ್ನು ತಪ್ಪು ತಿಳಿಯುತ್ತದೆ, ಅಷ್ಟೆ" ಎಂದು ನಕ್ಕಳು.

ಉಂಡ ತುತ್ತು ಎಣಿಸಬಾರದು ಅಂತಿದ್ದಳು ನಮ್ಮವ್ವ.
ಎಣಿಸಿದರ ರೊಟ್ಟಿ ಬುಟ್ಟ್ಯಾಗ ಸಣ್ಣಗಾಗತಾವ ಅಂತಿದ್ದಳು.
ಸ್ವಾನ್ಸಿಯಲ್ಲಿ ಎಣಿಸದೆಯೂ ಆಗುತ್ತವೆ, ಅವ್ವಾ:
ಅದೇ ಪೊಟ್ಟಣ, ಅದೇ ಬೆಲೆ, ಒಳಗೆ ಎರಡು ಬಿಸ್ಕತ್ತು ಕಡಿಮೆ.

ಮೊದಲ ದಿನ ನನ್ನ ಅಕ್ಷರ ದುಂಡಗೆ.
ಹಾಲು, ನಾಲ್ಕು ಪಿಂಟು. ಒಂದು ಪೌಂಡ್ ಐವತ್ತೈದು.
ಹಳದಿ ಚೀಟಿಯ ಹೂಕೋಸು, ಸಂಜೆ ಏಳಕ್ಕೆ ಹೋದರೆ ಮೂವತ್ತು ಪೆನ್ಸ್,
ಏಳೂಕಾಲಕ್ಕೆ ಹೋದರೆ ಇಲ್ಲ.
ತೊಗರಿಬೇಳೆ ಎರಡು ಕಿಲೋ.
ಜೋಳದ ಹಿಟ್ಟು. ಬೆಲೆ ಬರೆದೆ, ಹೊಡೆದೆ, ಮತ್ತೆ ಬರೆದೆ.
ಓದುವ ಗುಮಾಸ್ತ ನಮ್ಮನ್ನು ಸಾಹುಕಾರರೆಂದುಕೊಂಡಾನು.

ಪಕ್ಕದ ಮನೆಯ ಮೊರ್ವೆನ್ ಬೇಲಿಯ ಮೇಲಿಂದ ಚಾಚಿದ
ಒಂದು ಕಟ್ಟು ರೂಬಾರ್ಬ್,
ಹುಣಸೆ ತೀರಿದ್ದ ದಿನ ಅದರ ಹುಳಿಗೇ ಬೇಳೆ ಬೆಂದದ್ದು,
ಪುಸ್ತಕದಲ್ಲಿ ಅದಕ್ಕೆ ಜಾಗವಿಲ್ಲ.
ನಾನು ತಿರುಗಿ ಕಳಿಸಿದ ಡಬ್ಬಿಗೂ ಇಲ್ಲ.

ಬಲಬದಿ ಖಾಲಿ ಇರುತ್ತದೆ ಅಂದುಕೊಂಡಿದ್ದೆ.
ಹೊರಗೆ ತಿನ್ನುವುದೆಂದರೆ ನಮಗೆ ಹುಟ್ಟುಹಬ್ಬ, ಅದೂ ಕೂಪನ್ ಇದ್ದರೆ.

ಗುರುವಾರ ಸುರಭಿಯ ಪುಸ್ತಕ ಸೋಫಾದ ಮೇಲೆ ತೆರೆದೇ ಬಿದ್ದಿತ್ತು:
ಚಿಪ್ಸ್, ಮೂರು ಪೌಂಡ್ ನಲವತ್ತು, ಇಬ್ಬರಿಗೆ.
ಇನ್ನೊಬ್ಬರು ಯಾರೆಂದು ಕಾಲಂ ಕೇಳುವುದಿಲ್ಲ.
ನಾನೂ ಕೇಳಲಿಲ್ಲ.

ಅವರ ಪುಸ್ತಕ ಮಾತ್ರ ನಾನಾಗಿಯೇ ತೆರೆದೆ. ಒಪ್ಪುತ್ತೇನೆ.
ಬಸ್ ಡಿಪೋದ ಗ್ರೀಸು, ಹೆಬ್ಬೆಟ್ಟಿನ ಗುರುತು, ಅದರ ಕೆಳಗೆ
ಮಂಗಳವಾರ: ಕಾಕಲ್ಸ್, ವಿನೆಗರ್, ಚಿಕ್ಕ ಕಪ್.
ಬುಧವಾರ: ಕಾಕಲ್ಸ್.
ಶುಕ್ರವಾರ: ಕಾಕಲ್ಸ್, ದೊಡ್ಡ ಕಪ್.

ಗೊತ್ತಿಲ್ಲದ ಹೆಸರು. ಮಾರ್ಕೆಟ್ಟಿಗೇ ಹೋದೆ.
ಬಿಳಿ ಕೋಟಿನ ಮುದುಕಿಯ ಮುಂದೆ ಸಣ್ಣ ಸಣ್ಣ ಗುಡ್ಡೆ:
ನೆನೆಸಿದ ಕಡಲೆಯಷ್ಟು, ಹಳದಿ, ಒದ್ದೆ,
ನಿನ್ನೆ ಮೊನ್ನೆಯವರೆಗೆ ಚಿಪ್ಪಿನೊಳಗೆ ಜೀವವಾಗಿದ್ದದ್ದು.
ಕೇಕಿನಲ್ಲಿ ಮೊಟ್ಟೆಯಿದೆಯೇ ಎಂದು ಹದಿನೆಂಟು ವರ್ಷ
ಪ್ಯಾಕೆಟ್ಟಿನ ಬೆನ್ನು ಓದಿಸಿದ್ದಾರೆ ಅವರು ನನ್ನಿಂದ.

ಸಿಟ್ಟು ಬರಬೇಕಿತ್ತು. ಬಂದದ್ದು ಲೆಕ್ಕ:
ವಾರಕ್ಕೆ ಮೂರು ಸಲ, ಸಲಕ್ಕೆ ಎರಡೂವರೆ ಪೌಂಡ್, ಎಷ್ಟು ವರ್ಷ?
ಆಮೇಲೆ ಲೆಕ್ಕವೂ ನಿಂತು, ಇನ್ನೊಂದು ಹೊಳೆಯಿತು.
ಬರೆಯದೆ ಬಿಡಬಹುದಿತ್ತಲ್ಲ.
ನನಗೆ ಹೇಳಲಾಗದ್ದನ್ನು ಸರ್ಕಾರಕ್ಕೆ ಹೇಳಿದ್ದರು,
ಬಿಡಿಬಿಡಿಯಾಗಿ, ಪೆನ್ಸು ಸಹಿತ.

ಆ ರಾತ್ರಿ ನನ್ನ ಬಲಬದಿಗೂ ಬರೆದೆ,
ಹಿಂದಿನ ತಾರೀಖು ಹಾಕಿ, ಹಿಂದಿನ ಇಂಕೇ ಹುಡುಕಿ:
ಕಾಫಿ, ಒಂದು ಸ್ಕೋನ್, ಬೆಣ್ಣೆ. ಐದು ಪೌಂಡ್ ಇಪ್ಪತ್ತು.
ಪಾಳಿ ಮುಗಿದ ಮೇಲೆ, ಸಮುದ್ರದ ಕಡೆಯ ಕಿಟಕಿ, ಒಬ್ಬಳೇ.
ಕಿಟಕಿಯನ್ನು ಹೊಡೆದುಹಾಕಿದೆ.
ಅದಕ್ಕೆ ದುಡ್ಡು ಕೊಟ್ಟಿರಲಿಲ್ಲ.

ಗ್ಲೆನಿಸ್ ಮೂರೂ ಪುಸ್ತಕ ಒಯ್ದಳು, ಪುಟ ತಿರುವಿ,
ಹುಬ್ಬು ಕೂಡ ಏರಿಸದೆ. ಎಷ್ಟು ಮನೆಗಳ ಬಾಯಿ ಕಂಡವಳೋ.
ದಣಿವಿಗೆಂದು ಒಂದು ವೋಚರ್ ಬಿಟ್ಟುಹೋದಳು.

"ಶನಿವಾರ ಮಾರ್ಕೆಟ್ಟಿಗೆ ಹೋಗೋಣೇನ್ರಿ?" ಎಂದೆ.
ಅವರು ಬೂಟಿನ ಲಾಡಿ ಬಿಚ್ಚುತ್ತಿದ್ದರು. ಬಿಚ್ಚಿದ್ದನ್ನೇ ಮತ್ತೆ ಕಟ್ಟಿದರು.
"ಅಲ್ಲೇನೈತಿ?"

"ರೂಬಾರ್ಬ್" ಎಂದೆ.