ಗುಳ್ಳೆ ಏಳುವ ಜಾಗ

ಮೂರು ದಿನ ಬಾಯಿ ಮುಚ್ಚಿ ಕೂತು ಬಂದೆ
ಕುಶಾಲನಗರದ ಮದುವೆ ಮಂಟಪದಲ್ಲಿ.
ನೂರ ಹನ್ನೆರಡು ಪ್ಲಾಸ್ಟಿಕ್ ಚಾಪೆ,
ಒಂದೊಂದರ ಮೇಲೂ ಒಂದೊಂದು ಬೆನ್ನುನೋವು.
ಬೆಳಕು ಒಳಗಿದೆ ಅಂದರು ಗುರುಗಳು.
ಒಳಗೆ ನೋಡಿದೆ.
ರಜೆ ಅರ್ಜಿಗೆ ಸಹಿ ಹಾಕದ ಡಾಕ್ಟರು ಇದ್ದರು,
ಓರಗಿತ್ತಿ ಒಯ್ದು ಹಿಂತಿರುಗಿಸದ
ಕಡಂಬಿಟ್ಟು ಬೇಯಿಸುವ ಪಾತ್ರೆ ಇತ್ತು.

ಗುರುವಾರ ಲಸಿಕೆಯ ದಿನ.
ಹೆಗಲಿಗೆ ನೀಲಿ ಡಬ್ಬ, ಡಬ್ಬದೊಳಗೆ ನಾಲ್ಕು ಐಸ್ ಪ್ಯಾಕು,
ಐಸಿನ ನಡುವೆ ಹಾಡಿಯ ಒಂಬತ್ತು ಮಕ್ಕಳ ಪಾಲು.
ಅಮ್ಮತ್ತಿ ದಾಟಿದ ತಿರುವಿನಲ್ಲಿ
ಆನೆ ಲದ್ದಿ ತಪ್ಪಿಸಲು ಅಂಚಿಗಿಳಿದ ಸ್ಕೂಟರು
ಹಿಂದಿನ ಚಕ್ರದಿಂದ ಉಸ್ಸೆಂದಿತು.
ಎರಡೂ ಕಡೆ ಕಾಫಿ ಹೂ ಬಿರಿದಿತ್ತು;
ಬೇರೆ ಯಾರಾದರೂ ಆಗಿದ್ದರೆ ನಿಂತು ಉಸಿರೆಳೆಯುತ್ತಿದ್ದರು.
ನಾನು ತಳ್ಳಿದೆ, ಬೈದೆ.
ಬೈದದ್ದು ಚಕ್ರಕ್ಕಲ್ಲ, ಆನೆಗೂ ಅಲ್ಲ,
ಓರಗಿತ್ತಿಗೆ.

ಮೊಯ್ದು ಕಾಕನ ಅಂಗಡಿ ಅಂದರೆ
ಒಂದು ಹಲಸಿನ ಮರ, ಎರಡು ತಗಡು,
ಜೀಪಿನಿಂದ ಕಳಚಿದ ಸೀಟು,
ಅರ್ಧಕ್ಕೆ ಕೊಯ್ದ ಡಾಂಬರು ಡ್ರಮ್ಮಿನಲ್ಲಿ ಕಪ್ಪು ನೀರು.
"ಬೇಗ" ಅಂದೆ, "ಐಸು ಕರಗುತ್ತೆ."
ಆತ ಬೇಗ ಮಾಡಲಿಲ್ಲ, ತಡವೂ ಮಾಡಲಿಲ್ಲ.
ಕಬ್ಬಿಣದ ಪಟ್ಟಿ ಸಿಕ್ಕಿಸಿ ಟೈರಿನ ತುಟಿ ಎತ್ತಿ
ಟ್ಯೂಬನ್ನು ಹೊರಗೆಳೆದ, ಹುಟ್ಟುವ ಕರುವಿನ ಕಾಲು ಹಿಡಿದ ಹಾಗೆ.
ಗಾಳಿ ತುಂಬಿ ನೀರಿಗದ್ದಿದ.

ಬೆರಳಿಂದ ಬೆರಳಿಗೆ ಟ್ಯೂಬು ಸರಿಯಿತು.
ಏನಿಲ್ಲ. ಇನ್ನೊಂದು ಸುತ್ತು. ಏನಿಲ್ಲ.
ನಾನು ಮತ್ತೇನೋ ಹೇಳಲು ಬಾಯಿ ತೆರೆದೆ.
"ಸಿಸ್ಟರೇ, ನೀರು ಅಲುಗಾಡ್ತಿದೆ.
ನಿಮ್ಮ ಕಾಲು ಡ್ರಮ್ಮಿಗೆ ತಾಗಿದೆ, ತೆಗೀರಿ."
ತೆಗೆದೆ.
ನೀರು ನಿಂತಿತು. ಅದರೊಳಗೆ ಹಲಸಿನ ಮರ ನಿಂತಿತು.
ಆಗ ಸಾಸಿವೆಯಷ್ಟು ಗುಳ್ಳೆ, ಅದರ ಹಿಂದೆ ಇನ್ನೊಂದು,
ತಳದಲ್ಲಿ ಯಾರೋ ಕೂತು
ಎಣಿಸಿ ಎಣಿಸಿ ಬಿಟ್ಟಂತೆ.
"ಇಲ್ಲಿ" ಅಂದ.

ತೇಪೆ ಹಚ್ಚಿದ. ಮುಗಿಯಿತು ಅಂದುಕೊಂಡೆ.
ಆತ ಖಾಲಿ ಟೈರನ್ನು ಮಡಿಲಿಗೆಳೆದುಕೊಂಡು
ಒಳಮೈಯುದ್ದಕ್ಕೂ ಹೆಬ್ಬೆರಳು ಆಡಿಸತೊಡಗಿದ,
ಕಣ್ಣು ರಸ್ತೆಯ ಆಚೆ ಎಲ್ಲೋ.
"ತೂತು ಸಿಕ್ಕಿತಲ್ಲ ಕಾಕ, ಇನ್ನೇನು?"
"ಮುಳ್ಳು ಸಿಗಲಿಲ್ಲ."

ಸಿಕ್ಕಿತು. ಬಿದಿರಿನದು, ಉಗುರಿನರ್ಧದಷ್ಟು.
ಹೆಬ್ಬೆರಳ ಮೇಲೆ ಕೆಂಪು ಬೊಟ್ಟು; ಲುಂಗಿಗೆ ಒರಸಿಕೊಂಡ.
"ಇದನ್ನ ಬಿಟ್ಟು ತೇಪೆ ಹಾಕಿದ್ರೆ
ನಾಳೆ ಮತ್ತೆ ಬರ್ತೀರಿ. ನನಗೇನು, ವ್ಯಾಪಾರ."
ನಕ್ಕು ಅರವತ್ತು ರೂಪಾಯಿ ಹೇಳಿದ,
ಲಸಿಕೆಯ ಗಾಡಿ ಎಂದು ಬಿಡಲಿಲ್ಲ,
ಎಣಿಸಿಯೇ ತಗೊಂಡ.

ಐಸು ಪೂರ್ತಿ ಕರಗಿರಲಿಲ್ಲ.
ಹಾಡಿಯಲ್ಲಿ ಎಂಟು ಮಕ್ಕಳು ಅತ್ತವು.
ಚೋಮಿಯ ಮೊಮ್ಮಗಳು ಮಾತ್ರ ಕಣ್ಣು ಮುಚ್ಚದೆ
ಸೂಜಿ ಬಂದದ್ದನ್ನೂ ನೋಡಿದಳು, ಹೋದದ್ದನ್ನೂ,
ಆಮೇಲೆ ನನ್ನ ಮುಖವನ್ನು,
ಇಷ್ಟೇನಾ ಎಂಬಂತೆ.

ಬೆಳಕು ಬಂತೇ ಎಂದು ಕೇಳಬೇಡಿ.
ಶನಿವಾರ ಓರಗಿತ್ತಿಯ ಅಡುಗೆಮನೆಯಲ್ಲಿ ನಿಂತು
ಪಾತ್ರೆಯ ಮಾತೆತ್ತಿ, ಸ್ವರ ಏರಿಸಿ,
ಅವಳ ತವರಿನ ಅಂಗಳದ ತನಕ ಹೋಗಿದ್ದೆ.
ಅರ್ಧ ಮಾತಿನಲ್ಲಿ
ಡ್ರಮ್ಮಿಗೆ ತಾಗಿದ್ದ ಕಾಲು ನೆನಪಾಯಿತು.

ನಿಲ್ಲಿಸಿದೆ.
ಯಾಕೆ ನಿಲ್ಲಿಸಿದೆನೆಂದು ತಿಳಿಯದೆ ಅವಳೂ ನಿಂತಳು,
ಕೈಯಲ್ಲಿ ಸೌಟು.
ಒಲೆಯ ಮೇಲೆ ಸಾರು ಒಂದೊಂದೇ ಗುಳ್ಳೆ ಎಬ್ಬಿಸುತ್ತಿತ್ತು.

ಪಾತ್ರೆಯಲ್ಲ.
ಮಾವ ಕೊನೆಗೆ ನೀರು ಕೇಳಿದ್ದು ಅವಳನ್ನು.
ಊರಿಗೆಲ್ಲ ಸೂಜಿ ಚುಚ್ಚುವ ನಾನು
ಅದೇ ಕೋಣೆಯಲ್ಲಿ, ಅವರ ತಲೆಯ ಬಳಿಯೇ ಇದ್ದೆ.
ಹದಿನೇಳು ವರ್ಷ,
ಉಗುರಿನರ್ಧದಷ್ಟು.

"ಕೂತ್ಕೋ" ಅಂದಳು. ಕೂತೆ.
ಉಪ್ಪು ಸಾಕಾ ನೋಡು ಅಂದಳು. ನೋಡಿದೆ. ಸಾಕಿತ್ತು.

ಹೊರಡುವಾಗ ಪಾತ್ರೆ ತೊಳೆದು ತಂದಿಟ್ಟಳು.
ಅರ್ಧ ದಾರಿಗೆ ಬಂದ ಮೇಲೆ ನೋಡಿದರೆ
ಅಲ್ಲೇ ಮರೆತು ಬಂದಿದ್ದೆ.