ಒಂದು ಮಹಾಪ್ರಾಣ

ಮಂಡಿಪೇಟೆ ಶಾಖೆಯ ಮಹಡಿ ಮೇಲೆ ಶನಿವಾರ ತರಬೇತಿ.
ಪರದೆಯಲ್ಲಿ ಮುಂಬಯಿಯ ಸಾಹೇಬರು:
ನೆರೆದೇಶಗಳಿಗೆಲ್ಲ ಇನ್ನು ಒಂದೇ ನೀತಿ, ಒಂದೇ ನಮೂನೆ,
ಹಣಕ್ಕೆ ಗಡಿಯೇ ಇಲ್ಲ ಎಂದರು.
ಮ್ಯಾನೇಜರು ಗುರುಶಾಂತಯ್ಯ ತಲೆದೂಗಿದರು.
ನಾನು ಬರೆದುಕೊಂಡೆ: ಗಡಿಯೇ ಇಲ್ಲ.
ಆಮೇಲೆ ಮಂಡಕ್ಕಿ ಮೆಣಸಿನಕಾಯಿ ಬಂತು.

ನಮ್ಮಜ್ಜ ಮಂಡಕ್ಕಿ ಭಟ್ಟಿಯಲ್ಲಿ ಅಳೆಯುವವನು.
ಹರಿಹರದ ಸೇರು ಒಂದು, ಜಗಳೂರಿನದು ಇನ್ನೊಂದು,
ಒಂದಕ್ಕೆ ತಲೆ ಕಟ್ಟಬೇಕು, ಒಂದಕ್ಕೆ ಬಾಯಿಮಟ್ಟ.
ಸರಕಾರ ಮುದ್ರೆ ಒತ್ತಿದ ಸೇರು ಬಂದ ದಿನ
ಹಳೆಯವನ್ನೆಲ್ಲ ಚೀಲಕ್ಕೆ ತುಂಬಿ ಗುಜರಿಗೆ ಹಾಕಿದನಂತೆ,
ಜಗಳ ನಿಂತಿತಂತೆ.
ಅಳೆದ ಮೇಲೆ ಒಂದು ಹಿಡಿ ಕೊಸರು ಹಾಕುವುದನ್ನು ಮಾತ್ರ
ಬಿಡಲಿಲ್ಲ. ಅದಕ್ಕೆ ಮುದ್ರೆ ಇರಲಿಲ್ಲ.

ಸೋಮವಾರ ಟೇಕ್ ಬಹಾದುರ್ ಬಂದ,
ವಿದ್ಯಾನಗರದ ಮೂರು ಬೀದಿಗೆ
ರಾತ್ರಿಯೆಲ್ಲ ಸೀಟಿ ಊದುವವನು, ಕಣ್ಣು ಕೆಂಪಗೆ.
ಅಛಾಮಿನ ಬೆಟ್ಟದಲ್ಲಿ ಹೆಂಡತಿ ಧನಕಲಾ,
ಎಂಟು ಸಾವಿರ ಕಳಿಸಬೇಕು.
ನಮ್ಮ ನೂರು ಅಲ್ಲಿ ನೂರಾ ಅರವತ್ತು,
ಬೆರಳಲ್ಲೇ ಲೆಕ್ಕ ಹಾಕಿ ನಕ್ಕ.
ಹೊಸ ನಮೂನೆ ತುಂಬಿದೆ, ಗುಂಡಿ ಒತ್ತಿದೆ.
ಹಣ ಗೋರಖಪುರ ದಾಟಿತೋ ಏನೋ,
ಮೂರನೆಯ ದಿನ ಹಿಂದಿರುಗಿ ಬಂತು
ಹೋಗಿಬಂದ ಖರ್ಚು ಮುರಿದುಕೊಂಡು.
ಕಾರಣ: ಹೆಸರು ಹೊಂದುತ್ತಿಲ್ಲ.

ಮತ್ತೆ ಕಳಿಸಿದೆ. ಮತ್ತೆ ಬಂತು.

ಪ್ಲಾಸ್ಟಿಕ್ ಚೀಲದಿಂದ ಅವಳ ನಾಗರಿಕತಾ ಪತ್ರದ ನಕಲು ಬಿಚ್ಚಿ
ಬೆರಳಿಟ್ಟು ಓದಿದ: ಬುಢಾ.
ನಾನು ಒತ್ತಿದ್ದು ಬುಡಾ.
ಇಂಗ್ಲಿಷಿನಲ್ಲಿ ಒಂದು ಎಚ್ಚು ಕಮ್ಮಿ, ಅಷ್ಟೇ.
ನಮ್ಮ ಕಡೆ ಮಹಾಪ್ರಾಣವನ್ನು ಯಾರು ನಾಲಿಗೆಗೆ ಹಚ್ಚುತ್ತಾರೆ?
ಭಟ್ಟಿ ನಮಗೆ ಬಟ್ಟಿ, ಭದ್ರಾ ನಾಲೆ ಬದ್ರಾ ನಾಲೆ,
ಮಂಡಕ್ಕಿ ಅರಳುತ್ತದೆ, ನೀರು ಬರುತ್ತದೆ.
ಒಂದನೇ ಕ್ಲಾಸಿನ ಟೀಚರು ಗಿಣ್ಣಿಗೆ ಹೊಡೆದು ಹೇಳಿದ್ದರು:
ಹೊಟ್ಟೆ ಸೀಳೇ, ಹೊಟ್ಟೆ ಸೀಳು.

ಎಲ್ಲ ಗಡಿ ಅಳಿಸಿದ ಮೇಲೂ ಉಳಿದದ್ದು
ಅಕ್ಷರದ ಹೊಟ್ಟೆಯ ಆ ಗೀಟು.
ಅದರ ಕಾವಲಿಗೆ ಕೂತವಳು
ಹಗಲಿನ ಪಾಳಿಯಲ್ಲಿ, ಸೀಟಿಯಿಲ್ಲದೆ, ನಾನು.

ಮೂರನೆಯ ಸಲ ಸೀಳಿದೆ. ಹಣ ಅಲ್ಲಿ ನಿಂತಿತು.
ಎರಡು ಸಲದ ಖರ್ಚು ಮರಳಿಸಲು
ನಮೂನೆಯಲ್ಲಿ ಕಾಲಂ ಹುಡುಕಿದೆ,
ಗುರುಶಾಂತಯ್ಯ ಕನ್ನಡಕ ಹಣೆಗೇರಿಸಿ ಹುಡುಕಿದರು.
ಟೇಕ್ ಬಹಾದುರ್ ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತ
ಭಟ್ಟಿ ಓಣಿಯಲ್ಲಿ ಕಲಿತ ಕನ್ನಡದಲ್ಲಿ ಕೇಳಿದ:
ಕೊಸರು ಇಲ್ಲೇನಕ್ಕಾ?