ಗೀರು

ಕಪಾಟಿಗೆ ಎರಡು ಬೀಗ.
ಒಂದು ಕೀಲಿ ನನ್ನ ಹತ್ತಿರ, ಇನ್ನೊಂದು ಸಿಸ್ಟರ್ ಸಾಲೊಮನ್ ಹತ್ತಿರ.
ಪ್ರತಿ ಗುಳಿಗೆಗೂ ರಿಜಿಸ್ಟರಿನಲ್ಲಿ ಒಂದು ಸಾಲು, ಎರಡು ಸಹಿ:
ಮಾರ್ಫಿನ್ ಹತ್ತು ಮಿಲಿಗ್ರಾಂ, ಹಾಸಿಗೆ ಏಳು,
ಇಮಾಮುದ್ದೀನ್ ಉಸ್ತಾದ್, ಬಿದ್ರಿ ಕೆಲಸದವರು.

ಗಂಟು ಸೊಂಟದ ಎಲುಬಿಗೆ ಇಳಿದಿತ್ತು.
'ಈ ಗುಳಿಗಿ ಒಳಗ ಹೋಗಿ ಏನ್ ಮಾಡ್ತದ, ಬಾಯಿ?'
ಬೀಗ, ಕೀಲಿ ಅಂತ ಶುರು ಮಾಡಿದೆ, ಕಾಲೇಜಿನಲ್ಲಿ ಕಲಿಸಿದಂತೆ.
'ಕೀಲಿ ತಿರುಗ್ತದ. ಇದು ತಿರುಗ್ತದೇನು?'
ಇಲ್ಲ.

ಖಾಲಿ ಡಬ್ಬಿಯ ಹಿಂದೆ ಬರೆದು ತೋರಿಸಿದೆ.
ಒಂದಕ್ಕೊಂದು ಆತುಕೊಂಡ ಐದು ಉಂಗುರ,
ಚಳಿಗೆ ಮುದುಡಿ ಕೂತವರ ಬೆನ್ನು;
ಮೂಲೆಯಲ್ಲಿ ಸಾರಜನಕ,
ಅದರ ಬಾಲಕ್ಕೆ ಒಂದೇ ಒಂದು ಇಂಗಾಲ.
ನರದ ಮೇಲೊಂದು ಸಣ್ಣ ಗುಳಿ. ಇದು ಅಲ್ಲಿ ಕೂತರೆ
ಗುಳಿಯೇ ಒಳಗೊಳಗೆ ಚೂರು ಸರಿದು
ನೋವಿನ ಸುದ್ದಿಗೆ ಬಾಗಿಲು ಮುಂದೆ ಮಾಡುತ್ತದೆ.

ಆ ಬಾಲಕ್ಕೆ ಮೂರು ಇಂಗಾಲ ಕಟ್ಟಿ,
ಬೆನ್ನಿಗೊಂದು ಆಮ್ಲಜನಕ ಸೇರಿಸಿ, ಅಲ್ಲಿಲ್ಲಿ ತಿದ್ದಿದರೆ
ಅದೇ ಗುಳಿಯಲ್ಲಿ ಇನ್ನೂ ಬಿಗಿಯಾಗಿ ಕೂರುತ್ತದೆ.
ಏನೂ ಮಾಡುವುದಿಲ್ಲ.
ಬೇರೆಯವರನ್ನೂ ಕೂರಗೊಡುವುದಿಲ್ಲ.

ಉಸ್ತಾದರು ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು.
'ಗೀರಿನಾಗ ತಂತಿ ಕೂಡೂದು ಬ್ಯಾರೆ, ಬೆಳಗೂದು ಬ್ಯಾರೆ.
ಬೆಳ್ಳಿ ಬಿಟ್ಟು ಸತುವಿನ ತಂತಿ ಬಡೀರಿ, ಅದೂ ಕೂಡ್ತದ.
ಕ್ವಾಟಿ ಮಣ್ಣಾಗ ಕುದಿಸಿ ತೆಗದ್ ಮ್ಯಾಲ ನೋಡ್ರಿ,
ಹೂವಿನ ಜಾಗಾದಾಗ ಬರೇ ಕರ್ರಗ.'

ಸೋಮವಾರ ರಾತ್ರಿ ಎರಡಕ್ಕೆ ಸಾಲೊಮನ್ ಓಡಿ ಬಂದಳು.
ಮೂತ್ರ ಕಟ್ಟಿತ್ತು; ಕೊಟ್ಟ ಔಷಧವೆಲ್ಲ
ಹೊರಗೆ ಹೋಗದೆ ಒಳಗೇ ರಾಶಿ.
ನಿಮಿಷಕ್ಕೆ ಐದು ಉಸಿರು. ಕಣ್ಣಪಾಪೆ ಸಾಸಿವೆ.
ಮುಖ ಮಾತ್ರ
ಇಷ್ಟು ದಿನದಲ್ಲಿ ನಾನು ಕಾಣದಷ್ಟು ಸುಖವಾಗಿತ್ತು.

ಆ ಮುಖದ ಮೇಲೆ ನನಗೆ ಆಸೆಯಾಯಿತು, ಒಂದು ಗಳಿಗೆ.
ಆಮೇಲೆ ಆಂಪೂಲಿನ ಕತ್ತು ಮುರಿದೆವು.
ಮೂರು ಇಂಗಾಲದ ಬಾಲ, ಹನಿ ಹನಿಯಾಗಿ ನರಕ್ಕೆ.

ಎದೆ ಎದ್ದಿತು. ಹಿಂದೆಯೇ ಎಲುಬೂ ಎದ್ದಿತು.
ಚೀರಿದ ಸದ್ದಿಗೆ ಹನ್ನೆರಡನೇ ಹಾಸಿಗೆಯ ಮಗು ಅತ್ತಿತು.
ನನ್ನ ಮಣಿಕಟ್ಟು ಹಿಡಿದು ದಖನಿಯಲ್ಲಿ ಬೈದರು,
ಸತ್ತ ನಮ್ಮಪ್ಪನನ್ನೂ ಬಿಡಲಿಲ್ಲ.
ಸಾಲೊಮನ್ ಕಣ್ಣೊರೆಸುತ್ತ ಎಣಿಸುತ್ತಿದ್ದಳು:
ಹತ್ತು, ಹನ್ನೊಂದು, ಹನ್ನೆರಡು.

ಬೆಳಿಗ್ಗೆ ಕೊಳವೆಯಲ್ಲಿ ಮೂತ್ರ ಇಳಿಯುತ್ತಿತ್ತು.
'ರಾತ್ರಿ ಕೊಟ್ಟದ್ದು ಅದೇ ಏನು? ಕೂಡ್ತದ, ಬೆಳಗಂಗಿಲ್ಲ ಅಂದಿದ್ನೆಲ್ಲ, ಅದು?'
ಹೌದು ಉಸ್ತಾದ್.
'ಹ್ಞೂಂ.' ಬಹಳ ಹೊತ್ತಿನ ಮೇಲೆ,
'ಮತ್ತ ಬೆಳಗೂದು ಯಾವಾಗ ಕೊಡ್ತಿ?'

ಎರಡು ಕೀಲಿ ತಿರುಗಿದವು.
ಹೊಸ ಸಾಲಿನಲ್ಲಿ ಎರಡೂವರೆ ಅಂತ ಬರೆದೆ.
ಗುಳಿಗೆಯನ್ನು ಬ್ಲೇಡಿನಲ್ಲಿ ನಾಲ್ಕು ಮಾಡುವಾಗ
ಉಸ್ತಾದರು ನನ್ನ ಕೈಯನ್ನೇ ನೋಡುತ್ತಿದ್ದರು,
ಅಂಗಡಿಗೆ ಹೊಸದಾಗಿ ಬಂದ ಹುಡುಗನ ಕೈ ನೋಡಿದ ಹಾಗೆ.